ಟ್ಯಾಲೋ ಓಣಿಗೆ ಅಪ್ಪಣೆ ಯಾಕೆ

ಕ್ವಿಲ್ಟರ್ಸ್ ವಠಾರ, ಲಂಡನ್
ಅಕ್ಟೋಬರ್ ೩

ಶ್ರೀಯುತ ಫಿನ್‌ಬಾರ್ ಕ್ರೌಲಿಯವರಿಗೆ,

ತಾವು ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲದಿದ್ದರೂ ಇವತ್ತು ನನಗೆ ಅಷ್ಟೇನೂ ದುಃಖವಾಗದು.

ತಾವು ಇಪ್ಪತ್ತಕ್ಕೂ ಹೆಚ್ಚು ವರ್ಷ ಟ್ಯಾಲೋ ಓಣಿಯ ಬಾಯಲ್ಲಿ ಕಾವಲು ಕೂತವರು. ನಾನು ಅಷ್ಟೂ ವರ್ಷ ಆಸ್ಪತ್ರೆಯ ನೆಲ ಒರೆಸಲು ಅದೇ ಓಣಿಯಲ್ಲಿ ಹೋದವಳು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ನೋಡಿದರೆ ತಮ್ಮ ಕಾವಲು ಗೂಡಿನಲ್ಲಿ ಬೇರೆ ಯಾರೋ ಕೂತಿದ್ದ. ಕ್ರೌಲಿ ಎಲ್ಲಿ ಎಂದು ಕೇಳಿದೆ. ನಿವೃತ್ತಿಯಾಗಿ ಐರ್ಲೆಂಡಿಗೆ, ತಂಗಿಯ ಮನೆಗೆ ಹೋದರು ಎಂದ. ತಾವು ಒಂದು ಮಾತು ಹೇಳಿ ಹೋಗಲಿಲ್ಲ. ನಾನೂ ಬರೆಯಲಿಲ್ಲ. ಹೋದವರ ಬೆನ್ನು ಹತ್ತುವ ಅಭ್ಯಾಸ ನನಗಿಲ್ಲ.

ಈಗ ಬರೆಯುತ್ತಿರುವುದು ತಮ್ಮ ಸಹಿ ನೋಡಿದ್ದರಿಂದ. ಓಣಿಯ ಎರಡೂ ಬದಿಯ ಜಾಗ ತಮ್ಮನ್ನು ಕಾವಲಿಗಿಟ್ಟ ಕಂಪನಿಯದು, ತಮಗೆ ಗೊತ್ತು. ಈಗ ಅವರಿಗೆ ಓಣಿಯೂ ಬೇಕಂತೆ. ಅದನ್ನು ಮುಚ್ಚಿ ಐವತ್ತು ಮಹಡಿ ಎಬ್ಬಿಸುತ್ತಾರಂತೆ. ಬಣ್ಣದ ಪುಸ್ತಕ ಅಚ್ಚು ಹಾಕಿಸಿ ನಮ್ಮ ವಠಾರಕ್ಕೆಲ್ಲ ಹಂಚಿದ್ದಾರೆ. ಲಂಡನ್ ಇಡೀ ಜಗತ್ತಿನ ಪೇಟೆಯಂತೆ, ಜನಸಂಖ್ಯೆ ಕೋಟಿಯ ಹತ್ತಿರ ಬಂತಂತೆ, ನ್ಯೂಯಾರ್ಕು ಸಿಂಗಾಪುರಗಳ ಮುಂದೆ ಹಿಂದೆ ಬೀಳಬಾರದಂತೆ, ದುಡ್ಡು ಸರಾಗವಾಗಿ ಓಡಾಡಲು ಜಾಗ ಬೇಕಂತೆ. ದುಡ್ಡು ಓಡಾಡಲಿ, ನಾನು ಬೇಡ ಎಂದೆನೇ? ನಮ್ಮ ಕಾಲು ಎಲ್ಲಿ ಓಡಾಡಬೇಕು?

ಅದಕ್ಕೇ ಇದು ಸಾರ್ವಜನಿಕ ದಾರಿ ಎಂದು ನಾವು ಅರ್ಜಿ ಹಾಕಿದೆವು. ನಮ್ಮ ಮೂರನೇ ಮಹಡಿಯ ತಸ್ನೀಮ್ ಈಗ ವಕೀಲೆ, ಅವಳೇ ನಡೆಸುತ್ತಿದ್ದಾಳೆ. ಇಪ್ಪತ್ತು ವರ್ಷ ಜನ ತಡೆಯಿಲ್ಲದೆ ನಡೆದರೆ ದಾರಿ ಜನರದ್ದು, ಅಷ್ಟೇ ಕಾನೂನು. ಕಂಪನಿ ಏನು ಹೇಳುತ್ತದೆ ಗೊತ್ತೇ? ವರ್ಷಕ್ಕೊಂದು ದಿನ, ಕ್ರಿಸ್ಮಸ್ ದಿನ, ಓಣಿಗೆ ಸರಪಳಿ ಹಾಕಿ ಮುಚ್ಚುತ್ತಿದ್ದೆವು, ಆದ್ದರಿಂದ ಅದು ಯಾವತ್ತೂ ಜನರ ದಾರಿಯಾಗಲೇ ಇಲ್ಲ ಎನ್ನುತ್ತದೆ. ಸಾಕ್ಷಿ ಯಾರು? 'ನಾನು, ಫಿನ್‌ಬಾರ್ ಕ್ರೌಲಿ, ಪ್ರತಿ ಕ್ರಿಸ್ಮಸ್ ದಿನ ತಪ್ಪದೆ ಸರಪಳಿ ಹಾಕಿದ್ದೇನೆ.' ಕೆಳಗೆ ದುಂಡನೆಯ ಸಹಿ.

ಸಾಕು, ಈ 'ತಾವು' 'ತಮ್ಮ' ನನ್ನ ಕೈಲಾಗುವುದಿಲ್ಲ. ಫಿನ್, ನಿನಗೇನು ಬಂದಿತ್ತು? ದಿನಾ ನಮ್ಮ ಜೊತೆ ಚಹಾ ಕುಡಿದವನು ನೀನು. ನನ್ನ ಜೊತೆ ನೆಲ ಒರೆಸುವ ಎಫುವಾಳ ಮಂಡಿನೋವು ನಿನಗೆ ಗೊತ್ತು. ಓಣಿ ಮುಚ್ಚಿದರೆ ಅವಳು ದೊಡ್ಡ ರಸ್ತೆ ಸುತ್ತಿ, ಆ ಬೆಳಗಿನ ಜಾವದಲ್ಲಿ, ಆ ಮಂಡಿ ಇಟ್ಟುಕೊಂಡು ಬಸ್ಸು ಹಿಡಿಯಬೇಕು. ಬಸ್ಸು ತಪ್ಪಿದರೆ ಕೆಲಸ ತಪ್ಪಿತು. ವಠಾರದ ಅರ್ಧ ಹೆಂಗಸರ ಕಥೆ ಇದೇ.

ಉತ್ತರ ಬರೆ. ಬರೆಯದಿದ್ದರೂ ನಾನು ಬಿಡುವವಳಲ್ಲ.

ಇಸ್ಮೇ ಹೋಲ್ಡರ್

•

ಕೋವ್, ಕಾರ್ಕ್ ಸೀಮೆ
ಅಕ್ಟೋಬರ್ ೧೪

ಪ್ರೀತಿಯ ಇಸ್ಮೇ,

ನಿನ್ನ ಕಾಗದ ಬಂತು. ನನಗಿಂತ ಮೊದಲು ತಂಗಿ ಅಸಂಪ್ಟಾ ಓದಿದಳು, ಈ ಮನೆಯಲ್ಲಿ ಪದ್ಧತಿಯೇ ಹಾಗೆ. ಓದಿ, ಯಾರಿದು ಹೆಂಗಸು, ನನಗೆ ಹಿಡಿಸಿದಳು ಎಂದಳು. ನನಗೆ ಊಟ ಬಡಿಸುವುದನ್ನೇ ಮರೆತಳು.

ಆ ಹೇಳಿಕೆಯ ವಿಷಯ. ಕೊನೆಯ ದಿನ ಮ್ಯಾನೇಜರ್ ಕೇಕ್ ತಂದ, ಗೋಡೆ ಗಡಿಯಾರ ಕೊಟ್ಟ, ಒಂದಷ್ಟು ಕಾಗದ ಮುಂದಿಟ್ಟ. ಎಲ್ಲಿ ಸಹಿ ಹಾಕು ಅಂದನೋ ಅಲ್ಲಿ ಹಾಕಿದೆ. ಅದರಲ್ಲಿ ಸುಳ್ಳೂ ಇಲ್ಲ. ಪ್ರತಿ ಕ್ರಿಸ್ಮಸ್ಸಿಗೆ ನಾನು ಸರಪಳಿ ಹಾಕಿದ್ದು ನಿಜ. ಆದರೆ ನಿಮ್ಮನ್ನು ತಡೆದೆನೇ? ಒಂದು ಸಲವೂ ಇಲ್ಲ. ಕಂಪನಿ ಮುಚ್ಚು ಎಂದರೂ ನಾನು ನಿಮ್ಮನ್ನು ಬಿಟ್ಟೆ.

ಚಿಂತೆ ಬೇಡ, ಇದನ್ನು ನಾನೇ ಸರಿ ಮಾಡುತ್ತೇನೆ. ವಠಾರದ ಹೆಂಗಸರ ಮೇಲಿನ ಮಮತೆಯಿಂದ ಪ್ರತಿ ವರ್ಷ ನಾನೇ ದಾರಿ ಬಿಟ್ಟುಕೊಟ್ಟೆ ಎಂದು ಇನ್ನೊಂದು ಹೇಳಿಕೆ ಬರೆದು ಕಳಿಸುತ್ತೇನೆ. ಅಸಂಪ್ಟಾಳ ಪರಿಚಯದ ಪಾದ್ರಿಗಳು ಚೆನ್ನಾಗಿ ತಿದ್ದಿಕೊಡುತ್ತಾರೆ.

ಹೇಳದೆ ಬಂದೆ ಎಂದಿದ್ದೀಯ. ಹೇಳಬೇಕೆಂದೇ ಇದ್ದೆ. ಅವತ್ತು ಎರಡು ಲೋಟ ಚಹಾ ಮಾಡಿಟ್ಟಿದ್ದೆ. ನಿನಗೆ ಅವಸರವಿತ್ತು, ಕೈ ಬೀಸಿ ಹೋಗಿಬಿಟ್ಟೆ.

ನಿನ್ನ
ಫಿನ್‌ಬಾರ್

•

ಕ್ವಿಲ್ಟರ್ಸ್ ವಠಾರ
ಅಕ್ಟೋಬರ್ ೨೦

ಫಿನ್,

ಆ ಕಾಗದ ಕಳಿಸಿದ್ದರೆ ವಾಪಸ್ ತರಿಸು. ಬರೆದಿಟ್ಟಿದ್ದರೆ ಒಲೆಗೆ ಹಾಕು. ಪಾದ್ರಿಗಳಿಗೆ ಬೇರೆ ಕೆಲಸ ಕೊಡು.

ನಿನ್ನ ಮಾತು ಓದಿ ತಸ್ನೀಮ್ ತಲೆಯ ಮೇಲೆ ಕೈಹೊತ್ತು ಕೂತಳು. ಈ ಕಾನೂನು ಹೇಗಿದೆ ಕೇಳು. ಬೇಲಿ ಮುರಿದು ನಡೆದರೆ ಹಕ್ಕಿಲ್ಲ. ಕದ್ದುಮುಚ್ಚಿ ನಡೆದರೆ ಹಕ್ಕಿಲ್ಲ. ಸರಿ, ಇಷ್ಟು ನನಗೂ ಒಪ್ಪಿಗೆ. ಆದರೆ ಒಡೆಯನ ಕಡೆಯವನು 'ಪಾಪ, ಹೋಗಿ' ಎಂದು ಬಿಟ್ಟರೆ, ಆಗಲೂ ಹಕ್ಕಿಲ್ಲ! ಇಪ್ಪತ್ತಲ್ಲ, ಇನ್ನೂರು ವರ್ಷ ನಡೆದರೂ ಅದು ಅವನ ದಯೆ. ಇವತ್ತು ಕೊಟ್ಟ, ನಾಳೆ ಕಿತ್ತುಕೊಂಡ. ನಿನ್ನ ಹಳೆಯ ಹೇಳಿಕೆ ನಮ್ಮ ಕಾಲು ಮುರಿದಿತ್ತು. ಈ ಹೊಸದು ಕತ್ತನ್ನೇ ಮುರಿಯುತ್ತದೆ.

ಕಾನೂನು ಹಾಗಿರಲಿ. ನನಗೆ ಮೈ ಉರಿದದ್ದು ಬೇರೆ ಕಾರಣಕ್ಕೆ. ನಾನು ಹದಿನೆಂಟಕ್ಕೆ ಬಾರ್ಬಡೋಸಿನಿಂದ ಬಂದೆ. ಅವತ್ತಿನಿಂದ ಈ ಊರಿನಲ್ಲಿ ಎಲ್ಲರೂ ನನ್ನನ್ನು 'ಬಿಟ್ಟವರೇ'. ಮನೆಯ ಒಡತಿ ಒಳಗೆ ಬಿಟ್ಟಳು, ಮೇಸ್ತ್ರಿ ಕೆಲಸಕ್ಕೆ ಬಿಟ್ಟ, ಚರ್ಚಿನವರು ಹಿಂದಿನ ಬೆಂಚಿಗೆ ಬಿಟ್ಟರು. ಊರಿನ ಕಕ್ಕಸು ತೊಳೆಯಲು ಮಾತ್ರ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಬ್ಯಾಂಕಿನ ದೊರೆಗಳು ಎಂಟಕ್ಕೆ ಬಂದಾಗ ಮೇಜು ಫಳಫಳ ಹೊಳೆಯುತ್ತಿರುತ್ತದೆ. ಅದು ತಾನಾಗಿಯೇ ಹೊಳೆಯಿತು ಎಂದುಕೊಂಡಿರುತ್ತಾರೆ. ಈ ಜಗತ್ತಿನ ಪೇಟೆಯ ಬಾಗಿಲು ದಿನಾ ತೆರೆಯುವವರು ನಾವು, ಫಿನ್. ಆ ಒಂದು ಓಣಿಯಲ್ಲಿ ಮಾತ್ರ ನಾನು ಯಾರಿಗೂ ಸಲಾಂ ಹೊಡೆಯದೆ ತಲೆಯೆತ್ತಿ ನಡೆದಿದ್ದೆ. ಈಗ ನೀನು ಬಂದು, ಅದೂ ನನ್ನ ದಾನ ಎನ್ನುತ್ತೀಯ.

ಏನು ಹೇಳಬೇಕು ಎಂದು ಸಾಕ್ಷಿಗೆ ಹೇಳಿಕೊಡಬಾರದಂತೆ. ತಸ್ನೀಮ್ ಕಟ್ಟುನಿಟ್ಟಾಗಿ ಹೇಳಿದ್ದಾಳೆ, ಹೇಳಿಕೊಡುವುದಿಲ್ಲ. ನೀನು ಕೆಲಸಕ್ಕೆ ಸೇರಿದ ಮೇಲಿನ ಮೊದಲ ಕ್ರಿಸ್ಮಸ್ ನೆನಪು ಮಾಡಿಕೋ. ಅಷ್ಟೇ.

ಇಸ್ಮೇ

•

ಕೋವ್
ನವೆಂಬರ್ ೯

ಇಸ್ಮೇ,

ನೆನಪಿದೆ. ನಾನು ಸರಪಳಿ ಇಳಿಸಿದೆ, ನೀನು ದಾಟಿದೆ.

ಆ ಗೂಡಿನಲ್ಲಿ ಕೂತು ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಎಂದುಕೊಂಡಿದ್ದೆ. ಇಲ್ಲಿ ಸಂಜೆ ಹಡಗು ನೋಡುತ್ತ ಕೂತಾಗ ಅದನ್ನೇ ನೆನೆಸಿಕೊಳ್ಳುತ್ತಿದ್ದೆ. ನನ್ನ ಮಮತೆ ನಿನಗೆ ಇಷ್ಟು ಕಹಿ ಎಂದು ಗೊತ್ತಿರಲಿಲ್ಲ.

ನಾನು ಆ ಕಡೆಗೂ ಬರೆಯುವುದಿಲ್ಲ, ಈ ಕಡೆಗೂ ಬರೆಯುವುದಿಲ್ಲ. ನನ್ನನ್ನು ನನ್ನ ಪಾಡಿಗೆ ಬಿಡು.

ಫಿನ್‌ಬಾರ್ ಕ್ರೌಲಿ

•

ಕ್ವಿಲ್ಟರ್ಸ್ ವಠಾರ
ಡಿಸೆಂಬರ್ ೨೭

ಫಿನ್,

ನಿನ್ನನ್ನು ನಿನ್ನ ಪಾಡಿಗೆ ಬಿಡಬೇಕೆಂದೇ ಇದ್ದೆ. ಆದರೆ ಇದು ನಿನಗೆ ಗೊತ್ತಿರಬೇಕು.

ಈ ಕ್ರಿಸ್ಮಸ್ಸಿಗೆ, ಆ ಒಂದು ದಿನದ ಮಟ್ಟಿಗೆ, ಕಂಪನಿ ಓಣಿಯ ಎರಡೂ ತುದಿಗೆ ಕಬ್ಬಿಣದ ಗೇಟು ನಿಲ್ಲಿಸಿತು. ಇಬ್ಬರು ಕಾವಲು, ಮೇಲೊಂದು ಕ್ಯಾಮೆರಾ. ಕ್ರಿಸ್ಮಸ್ ದಿನ ಊರಿನಲ್ಲಿ ಒಂದು ಬಸ್ಸೂ ಓಡುವುದಿಲ್ಲ, ಆಸ್ಪತ್ರೆಯ ವ್ಯಾನು ಓಣಿಯ ಆಚೆ ತುದಿಗೆ ಬಂದು ನಿಲ್ಲುತ್ತದೆ, ನಿನಗೆ ಗೊತ್ತಲ್ಲ. ಗೇಟು ಮುಟ್ಟಬೇಡಿ, ತೆಗೆಯಿರಿ ಎಂದು ಕೇಳಲೂ ಬೇಡಿ ಎಂದು ತಸ್ನೀಮ್ ಮೊದಲೇ ಹೇಳಿದ್ದಳು. ಕೇಳಿದರೆ ಅಪ್ಪಣೆ ಬೇಡಿದಂತೆ. ನಾವು ಕೇಳಲಿಲ್ಲ. ಗೇಟಿನ ಹುಡುಗನ ಮುಖವನ್ನೂ ನೋಡದೆ ದೊಡ್ಡ ರಸ್ತೆ ಸುತ್ತಿ ಹೊರಟೆವು. ಅಲ್ಲೊಂದು ಹೋಟೆಲಿನ ಮೂಲೆಯಲ್ಲಿ ನೆಲ ಹಿಮಗಟ್ಟಿತ್ತು. ಎಫುವಾ ಬಿದ್ದಳು.

ಮಣಿಕಟ್ಟು ಮುರಿದಿದೆ. ನಾವು ಒರೆಸುವ ನೆಲದ ಮೇಲೆ ಅವತ್ತು ನಾವೇ ರೋಗಿಗಳಾಗಿ ಮಧ್ಯಾಹ್ನದವರೆಗೆ ಕೂತೆವು. ನಾನು ರಮ್ಮಿನಲ್ಲಿ ನೆನೆಸಿ ಮಾಡಿದ ಕಪ್ಪು ಕೇಕು ಚೀಲದಲ್ಲೇ ಇತ್ತು, ಅದನ್ನೇ ಮುರಿದು ತಿಂದೆವು. ಎಫುವಾ ಅಳಲಿಲ್ಲ. ಒಂದೇ ಮಾತು ಕೇಳಿದಳು. 'ಇಸ್ಮೇ, ಫಿನ್ ಇದ್ದಾಗ ನಾವು ಯಾವತ್ತಾದ್ರೂ ಈ ಕಡೆ ಸುತ್ತಿದ್ವಾ?'

ವಿಚಾರಣೆ ಜನವರಿ ಕೊನೆಯ ವಾರ, ನಮ್ಮ ಚರ್ಚಿನ ಹಾಲ್‌ನಲ್ಲಿ. ನೀನು ಬಂದರೂ ಸರಿ, ಬರದಿದ್ದರೂ ಸರಿ, ನಾವು ನಿಲ್ಲುತ್ತೇವೆ.

ಇಸ್ಮೇ

•

ಕೋವ್
ಜನವರಿ ೬

ಇಸ್ಮೇ,

ಇವತ್ತು ನಮ್ಮ ಸೀಮೆಯಲ್ಲಿ ಹೆಂಗಸರ ಕ್ರಿಸ್ಮಸ್. ಈ ದಿನ ಹೆಂಗಸರು ಮನೆಯಲ್ಲಿ ಒಂದು ಚಮಚವನ್ನೂ ಎತ್ತಿಡುವುದಿಲ್ಲ. ಚೆನ್ನಾಗಿ ಬಟ್ಟೆ ಹಾಕಿಕೊಂಡು ಗೆಳತಿಯರ ಜೊತೆ ಊರೊಳಗೆ ಹೋಗಿ ತಿಂದು ಕುಡಿದು ನಗುತ್ತಾರೆ. ಮನೆಗೆಲಸವೆಲ್ಲ ಗಂಡಸರದು. ನಾನು ಬೆಳಗ್ಗೆಯಿಂದ ಪಾತ್ರೆ ತಿಕ್ಕುತ್ತಿದ್ದೇನೆ. ಕಾಗದದ ಮೇಲಿನ ಕಲೆ ಸಾಬೂನಿನದು.

ಅಸಂಪ್ಟಾ ಹೊರಡುವಾಗ ನಾನು ಸುಮ್ಮನಿರಲಾರದೆ, ಹೋಗು, ಇವತ್ತೊಂದು ದಿನ ನಿನಗೆ ರಜೆ ಕೊಟ್ಟಿದ್ದೇನೆ ಎಂದು ತಮಾಷೆ ಮಾಡಿದೆ. ಅವಳು ಕೋಟಿನ ಗುಂಡಿ ಹಾಕುತ್ತಿದ್ದವಳು ನಿಂತಳು.

'ನೀನು ಕೊಟ್ಯಾ? ಯಾವ ಗಂಡಸೂ ಈ ದಿನ ನಮಗೆ ಕೊಡ್ಲಿಲ್ಲ ಕಣೋ. ನಮ್ಮಜ್ಜಿ ಕಾಲದಲ್ಲಿ ಹೆಂಗಸ್ರು ಕೋಟು ಹಾಕ್ಕೊಂಡು ಎದ್ದು ಹೋದ್ರು. ಗಂಡಸ್ರು ನೋಡ್ತಾರೆ, ಪಾತ್ರೆ ರಾಶಿ ಬಿದ್ದಿದೆ. ತೊಳೆದ್ರು. ಆಮೇಲೆ ನಾವೇ ರಜೆ ಕೊಟ್ವಿ ಅಂತ ಹೇಳ್ಕೊಂಡು ತಿರುಗಿದ್ರು.'

ಬಾಗಿಲು ಹಾಕಿಕೊಂಡು ಹೋದಳು. ನಾನು ಪಾತ್ರೆ ಬಿಟ್ಟು ಒದ್ದೆ ಕೈಯಲ್ಲೇ ಈ ಕಾಗದಕ್ಕೆ ಕೂತೆ.

ಆ ಮೊದಲ ಕ್ರಿಸ್ಮಸ್. ನಾನು ಸರಪಳಿ ಇಳಿಸಲಿಲ್ಲ, ಇಸ್ಮೇ. ಅದನ್ನು ನಾನಿನ್ನೂ ಕಂಬಕ್ಕೆ ಸಿಕ್ಕಿಸಿಯೇ ಇರಲಿಲ್ಲ, ತುದಿ ಕೈಯಲ್ಲಿತ್ತು. ಇವತ್ತು ದಾರಿ ಇಲ್ಲ ಎನ್ನಲು ಬಾಯಿ ತೆರೆದೆ. ನೀನು ಚೀಲ ತಂದು ನನ್ನ ತೋಳಿಗೆ ನೇತುಹಾಕಿ, 'ಸ್ವಲ್ಪ ಹಿಡ್ಕೊಳ್ಳಪ್ಪ, ಶೂ ಲೇಸ್ ಬಿಚ್ಕೊಂಡಿದೆ' ಎಂದೆ. ಬಗ್ಗಿ ಲೇಸ್ ಕಟ್ಟಿಕೊಂಡೆ, ಚೀಲ ತೆಗೆದುಕೊಂಡೆ, ನಡೆದೆ. ನಿನ್ನ ಹಿಂದೆ ಎಫುವಾ, ಅವಳ ಹಿಂದೆ ಉಳಿದವರು. ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಒಂದು ಕೈಯಲ್ಲಿ ಸರಪಳಿ ಹಿಡಿದು ನಾನು ಗೂಟದ ಹಾಗೆ ನಿಂತಿದ್ದೆ.

ಮುಂದಿನ ವರ್ಷದಿಂದ, ನೀವು ಹೋದ ಮೇಲೆ ಸರಪಳಿ ಹಾಕಿ, ನೀವು ತಿರುಗಿ ಬರುವ ಮೊದಲು ತೆಗೆಯುತ್ತಿದ್ದೆ. ನಡುವೆ ಒಂದು ನಾಯಿಯೂ ಬರುತ್ತಿರಲಿಲ್ಲ. ಇದನ್ನೇ ದಯೆ ಎಂದು ಹೆಸರಿಟ್ಟು ಇಷ್ಟು ವರ್ಷ ಎದೆಗೆ ಅವಚಿಕೊಂಡಿದ್ದೆ. ದಯೆಯಲ್ಲ, ನಿನ್ನ ಎದುರು ಅದನ್ನು ಸಿಕ್ಕಿಸುವ ಎದೆ ನನಗಿರಲಿಲ್ಲ.

ಹೆಬ್ಬಾಣಲೆ ಇನ್ನೂ ತಿಕ್ಕುವುದಿದೆ. ಎಫುವಾಗೆ ನನ್ನ ನಮಸ್ಕಾರ ಹೇಳು.

ಫಿನ್

•

ಕ್ವಿಲ್ಟರ್ಸ್ ವಠಾರ
ಫೆಬ್ರವರಿ ೨

ಫಿನ್,

ನೀನು ಬರುತ್ತೇನೆ ಎಂದು ಬರೆಯಲಿಲ್ಲ, ಬಂದೆ. ಹೋಗುತ್ತೇನೆ ಎಂದೂ ಹೇಳಲಿಲ್ಲ, ಹೋದೆ. ಹಾಲ್‌ನಲ್ಲಿ ನಾನು ಎಫುವಾಗೆ ಕೋಟು ತೊಡಿಸಿ ತಿರುಗಿ ನೋಡಿದರೆ ನಿನ್ನ ಕುರ್ಚಿ ಖಾಲಿ. ಒಂದು ಲೋಟ ಚಹಾಕ್ಕೂ ನಿಲ್ಲದೆ ಓಡುವಂಥದ್ದು ಏನಿತ್ತು?

ನೀನು ಬಂದದ್ದು ಎರಡನೇ ದಿನ. ಮೊದಲ ದಿನದ್ದು ಹೇಳುತ್ತೇನೆ. ಕಂಪನಿಯವರು ಜನಸಂಖ್ಯೆಯ ಪಂಡಿತನೊಬ್ಬನನ್ನು ಕರೆತಂದಿದ್ದರು. ಟೋಕಿಯೋ, ಪ್ಯಾರಿಸ್, ಎಲ್ಲ ಊರಿನ ನಕ್ಷೆ ಗೋಡೆಗೆ ಬಿಟ್ಟ. ಓಣಿಯಲ್ಲಿ ಜನರನ್ನು ಎಣಿಸಿ ನೋಡಿದೆವು, ಓಡಾಟವೇ ಇಲ್ಲ ಎಂದ. ತಸ್ನೀಮ್ ಎದ್ದು, ಎಷ್ಟು ಹೊತ್ತಿಗೆ ಎಣಿಸಿದಿರಿ ಎಂದು ಕೇಳಿದಳು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕು, ಕಚೇರಿ ವೇಳೆ ಎಂದ. ಹಾಲ್‌ನ ಹಿಂದಿನ ಸಾಲಿನಿಂದ ನಮ್ಮ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಆ ಹೊತ್ತಿನಲ್ಲಿ ನಾವು ಕೆಲಸ ಮುಗಿಸಿ ಬಂದು ಮಲಗಿರುತ್ತೇವಲ್ಲ! ಇಡೀ ಜಗತ್ತಿನ ಊರುಗಳ ಜನ ಎಣಿಸಿದ ಮಹಾಶಯನಿಗೆ, ತಾನು ಬರುವ ಮೊದಲು ತನ್ನ ಮೇಜು ಒರೆಸಿ ಹೋದವರನ್ನು ಎಣಿಸಬೇಕೆಂದು ಹೊಳೆದಿರಲಿಲ್ಲ.

ಆಮೇಲೆ ಇನ್ನೊಂದು ವಾದ ತೆಗೆದ. ವಠಾರದ ಅರ್ಧ ಜನ ಈಚೆಗೆ ಬಂದವರು, ಘಾನಾದಿಂದ, ಸಿಲ್ಹೆಟ್‌ನಿಂದ, ಕೊಲಂಬಿಯಾದಿಂದ. ಇಪ್ಪತ್ತು ವರ್ಷ ನಡೆದವರೇ ಬೇರೆ, ಇಲ್ಲಿ ಕೂತವರೇ ಬೇರೆ, ಇವರನ್ನು ಒಂದೇ ಜನ ಎನ್ನುವುದು ಹೇಗೆ ಎಂದ. ನನ್ನನ್ನು ಯಾರೂ ಕರೆದಿರಲಿಲ್ಲ, ಆದರೂ ಎದ್ದು ನಿಂತೆ. 'ಎಂಟನೇ ನಂಬರ್ ಬಸ್ಸಿಗೆ ಒಂದೊಂದು ಸ್ಟಾಪಲ್ಲೂ ಜನ ಹತ್ತತಾರೆ, ಇಳೀತಾರೆ. ಅದಕ್ಕೆ ಅದು ಎಂಟನೇ ನಂಬರ್ ಅಲ್ಲ ಅಂತೀರಾ?' ವಿಚಾರಣಾಧಿಕಾರಿ ಕೂರಿ ಎಂದರು. ಆದರೆ ಬರೆದುಕೊಂಡರು, ನಾನು ನೋಡಿದೆ.

ಇನ್ನು ನೀನು. ನೀನೇ ಆಡಿದ ಮಾತು, ಆದರೂ ನನ್ನ ಕಿವಿಗೆ ಬಿದ್ದ ಹಾಗೆ ಬರೆಯುತ್ತೇನೆ, ಓದು. ಕಂಪನಿಯ ವಕೀಲ ನಿನ್ನ ಹಳೆಯ ಹೇಳಿಕೆ ಎತ್ತಿಹಿಡಿದು ಇದು ನಿಮ್ಮ ಸಹಿಯಲ್ಲವೇ ಎಂದ. ನನ್ನದೇ, ಕೇಕ್ ತಿನ್ನುತ್ತ ಹಾಕಿದ್ದು ಎಂದೆ ನೀನು. ಸರಪಳಿ ಹಾಕಿದ್ದೂ ನಿಜ, ಆದರೆ ಯಾರೂ ಬಾರದ ಹೊತ್ತು ನೋಡಿ ಹಾಕಿದ್ದು, ಬೇಕಾದರೆ ಗಡಿಯಾರ ವಾಪಸ್ ತೆಗೆದುಕೊಳ್ಳಿ ಎಂದೆ. ಇಡೀ ಸಭೆಯ ಎದುರು 'ನಾನು ನನ್ನ ಕೆಲಸ ಮಾಡಲಿಲ್ಲ' ಎನ್ನುವಾಗ ನಿನ್ನ ಕಿವಿ ಕೆಂಪಾಗಿತ್ತು. ಆಗ ಅವನು ಬಲೆ ಬೀಸಿದ. ಬೆಣ್ಣೆಯ ಹಾಗೆ ನಗುತ್ತ, ಹಾಗಾದರೆ ತಾವು ದೊಡ್ಡ ಮನಸ್ಸು ಮಾಡಿ ಶ್ರೀಮತಿ ಹೋಲ್ಡರ್ ಅವರಿಗೆ ಹೋಗಲು ಅಪ್ಪಣೆ ಕೊಟ್ಟಿರಿ, ಅಲ್ಲವೇ ಎಂದ. ತಸ್ನೀಮ್‌ಳ ಪೆನ್ನು ನಿಂತಿತು. ಹೌದು ಎಂದಿದ್ದರೆ ಎಲ್ಲರೂ ನಿನ್ನನ್ನು ಒಳ್ಳೆಯವನು ಎನ್ನುತ್ತಿದ್ದರು, ಓಣಿ ಮುಳುಗುತ್ತಿತ್ತು.

'ಸ್ವಾಮಿ, ಇಸ್ಮೇ ಹೋಲ್ಡರ್‌ಗೆ ಅಪ್ಪಣೆ ಕೊಡೋ ಗಂಡಸು ಇನ್ನೂ ಹುಟ್ಟಿಲ್ಲ. ಅವಳು ಕೇಳಲೂ ಇಲ್ಲ, ನಾನು ಕೊಡಲೂ ಇಲ್ಲ. ಚೀಲ ಹಿಡ್ಕೊ ಅಂದ್ಲು, ಹಿಡ್ಕೊಂಡೆ.'

ವಿಚಾರಣಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಹೇಳಿ, ಬರೆದುಕೊಳ್ಳಬೇಕು ಎಂದರು. ನೀನು ನಿಧಾನವಾಗಿ ಹೇಳಿದೆ. ಹಿಂದಿನ ಸಾಲಿನಲ್ಲಿ ಎಫುವಾ ಮುರಿದ ಕೈಯನ್ನು ತೊಡೆಗೆ ಬಡಿದುಕೊಂಡು ನಕ್ಕು, ಆಮೇಲೆ ನೋವಿಗೆ ಅತ್ತಳು.

ನಾನೂ ಅತ್ತೆ. ಯಾಕೆ ಎಂದು ಎಫುವಾ ಕೇಳಿದಾಗ ಹಾಲ್‌ನ ಧೂಳು ಎಂದೆ. ಧೂಳಲ್ಲ, ಫಿನ್.

ತೀರ್ಪು ಬರಲು ತಿಂಗಳುಗಳು ಬೇಕಂತೆ. ಬರಲಿ. ನಾವು ದಿನಾ ನಡೆಯುತ್ತಿದ್ದೇವೆ.

ನಿನ್ನ
ಇಸ್ಮೇ

•

ಕೋವ್
ಏಪ್ರಿಲ್ ೧೧

ಪ್ರೀತಿಯ ಇಸ್ಮೇ,

ಇಷ್ಟು ದಿನ ಏನು ಬರೆಯಲಿ ಎಂದು ಯೋಚಿಸಿ ನಾಲ್ಕು ಕಾಗದ ಹರಿದೆ. ಅಸಂಪ್ಟಾ ಐದನೆಯದನ್ನು ಹರಿಯಲು ಬಿಡಲಿಲ್ಲ.

ಅವತ್ತು ಓಡಿದ್ದು ಯಾಕೆಂದರೆ, ಕೋರ್ಟು ಕಚೇರಿಯ ಮಾತು ಹೇಗೋ ಆಡಿದೆ. ಅದರ ನಂತರ ಆಡಬೇಕಿದ್ದ ಮಾತಿಗೆ ಬಾಯಿ ಬರಲಿಲ್ಲ. ಎರಡು ವರ್ಷದ ಹಿಂದೆ ಎರಡು ಲೋಟ ಚಹಾ ಮಾಡಿಟ್ಟಾಗಲೂ ಇದ್ದದ್ದು ಅದೇ ಮಾತು.

ಮೇ ತಿಂಗಳಲ್ಲಿ ಒಮ್ಮೆ ಆ ಕಡೆ ಬರಬಹುದೇ ಎಂದು ಯೋಚಿಸುತ್ತಿದ್ದೇನೆ. ನಿನಗೆ ತೊಂದರೆ ಇಲ್ಲದಿದ್ದರೆ. ಬರಲೇ?

ಫಿನ್

•

ಕ್ವಿಲ್ಟರ್ಸ್ ವಠಾರ
ಮೇ ೪

ಫಿನ್,

ನಿನ್ನೆ ತೀರ್ಪು ಬಂತು. ಟ್ಯಾಲೋ ಓಣಿ ಜನರ ದಾರಿ.

ತಸ್ನೀಮ್ ಮೆಟ್ಟಿಲು ಹತ್ತುತ್ತಲೇ ಕೂಗಿದಳು, ಮೂರು ಮಹಡಿಯ ಬಾಗಿಲುಗಳೂ ತೆರೆದವು. ಕಂಪನಿ ಗೋಪುರ ಕಟ್ಟುವುದನ್ನು ಬಿಟ್ಟಿಲ್ಲ. ಆದರೆ ಈಗ ಹೊಸ ನಕ್ಷೆ ಬರೆಸಬೇಕು. ಐವತ್ತು ಮಹಡಿ ಎಬ್ಬಿಸಿದರೂ ಬುಡದಲ್ಲಿ ಲಂಗ ಎತ್ತಿ ಹಿಡಿದು ನಮಗೆ ದಾರಿ ಬಿಡಬೇಕು. ಎಷ್ಟೇ ದುಡ್ಡು ಅದರ ಒಳಗೆ ಓಡಾಡಲಿ, ಕೆಳಗೆ ಎಫುವಾ ಓಡಾಡುತ್ತಾಳೆ. ಅವಳ ಕಾಲ ಮುಗಿದ ಮೇಲೆ, ಇನ್ನೂ ಯಾವ ದೇಶದಿಂದಲೂ ಹೊರಟೇ ಇರದ ಹೆಣ್ಣೊಬ್ಬಳು ಬಂದು ಓಡಾಡುತ್ತಾಳೆ. ಅವಳು ಯಾರನ್ನೂ ಕೇಳಬೇಕಾಗಿಲ್ಲ.

ಇವತ್ತು ಬೆಳಗ್ಗೆ ರಜೆಯಿದ್ದರೂ ಎದ್ದು ಹೋದೆ. ಓಣಿಯ ನಡುವೆ ನಿಂತು ಸುಮ್ಮನೆ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿಕೊಂಡೆ. ಗೂಡಿನ ಹುಡುಗ ಏನಮ್ಮ ಎಂದ. ಏನಿಲ್ಲಪ್ಪ ಎಂದೆ.

ಇನ್ನು ನಿನ್ನ ಕಾಗದ. ಮೂರು ವಾರ ಉತ್ತರ ಬರೆಯಲಿಲ್ಲ, ಸಿಟ್ಟು ಬಂದಿತ್ತು. ಬರಲೇ ಎಂದು ಕೇಳಿದ್ದೀಯ. ತೊಂದರೆ ಇಲ್ಲದಿದ್ದರೆ ಎಂದಿದ್ದೀಯ. ಇಷ್ಟೆಲ್ಲ ಆದ ಮೇಲೂ ನೀನು ಕಲಿತದ್ದು ಇಷ್ಟೇನಾ? ನೀನು ಕೇಳಿ, ನಾನು ಹೂಂ ಎಂದರೆ, ಅದು ನನ್ನ ದಯೆಯಾಗುತ್ತದೆ. ಆಮೇಲೆ ನಿನಗೆ ಇಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ.

ನಿನ್ನ ಹಳೆಯ ಲೋಟ ನನ್ನ ಅಡುಗೆಮನೆಯಲ್ಲಿದೆ. ನೀನು ಊರು ಬಿಟ್ಟ ವಾರವೇ ನಾನು ಗೂಡಿನಿಂದ ತಂದಿಟ್ಟುಕೊಂಡೆ, ಅದಕ್ಕೂ ನಾನು ಯಾರನ್ನೂ ಕೇಳಲಿಲ್ಲ. ನೀನೂ ಕೇಳಬೇಡ. ನಡೆದು ಬಾ.

ಇಸ್ಮೇ